ಹಳೆಯ ರಿಮ್‌ಫೈರ್ ರೈಫಲ್‌ಗಳ ಖರೀದಿ ಮತ್ತು ಮೌಲ್ಯಮಾಪನ

ಹಳೆಯ ರಿಮ್‌ಫೈರ್ ರೈಫಲ್‌ಗಳ ಖರೀದಿ ಮತ್ತು ಮೌಲ್ಯಮಾಪನ ಎಂದರೆ ಹಲವು ದಶಕಗಳ ಹಿಂದೆ ತಯಾರಾಗಿ, ಈಗಾಗಲೇ ಬಳಕೆಯಾಗಿರುವ ಸಣ್ಣ ವ್ಯಾಸದ ರೈಫಲ್ ಒಂದನ್ನು ಪರೀಕ್ಷಿಸಿ, ಅದರ ಯೋಗ್ಯ ಬೆಲೆಯನ್ನು ನಿರ್ಣಯಿಸಿ, ಕಾನೂನುಬದ್ಧವಾಗಿ ಕೊಳ್ಳುವ ಕ್ರಮ. ಭಾರತದಲ್ಲಿ ಇಂತಹ ರೈಫಲ್‌ನ ಬೆಲೆಯನ್ನು ಮೊದಲು ಅದರ ದಾಖಲೆಗಳು, ಬಳಿಕ ನಳಿಗೆಯ ಸ್ಥಿತಿ, ಕೊನೆಗೆ ತಯಾರಕರ ಹೆಸರು ನಿರ್ಧರಿಸುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡಿ ಹೆಸರಿನಿಂದ ಆರಂಭಿಸುತ್ತಾರೆ. ಈ ಲೇಖನದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳಿಗೆ ಅನ್ವಯವಾಗುವಂತೆ ವಿಷಯವನ್ನು ವಿವರಿಸಲಾಗಿದೆ.

ರಿಮ್‌ಫೈರ್ ಎಂದರೇನು

ತೋಟಾದ ತಳದ ಅಂಚಿನ ಒಳಗೆ ಕಿಡಿಮದ್ದನ್ನು ತುಂಬಿರುವ ವ್ಯವಸ್ಥೆಗೆ ರಿಮ್‌ಫೈರ್ ಎಂದು ಹೆಸರು. ಫೈರಿಂಗ್ ಪಿನ್ನು ಆ ಅಂಚನ್ನು ಜಜ್ಜಿದಾಗ ಕಿಡಿ ಹೊತ್ತಿ ಮದ್ದು ಉರಿಯುತ್ತದೆ. ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯು 1857ರಲ್ಲಿ .22 ಶಾರ್ಟ್ ತೋಟಾವನ್ನು ಹೊರತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಬಂದಿತು. ಇದರ ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್, ಸಾಮಾನ್ಯ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಸೆಂಟರ್‌ಫೈರ್ ತೋಟಾಗಳಂತೆ ಇದನ್ನು ಮರುತುಂಬಿ ಬಳಸುವ ರೂಢಿಯಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ತೋಟಾ ದೊರೆಯದ ರಿಮ್‌ಫೈರ್ ರೈಫಲ್‌ಗೆ ಬಳಕೆಯ ದೃಷ್ಟಿಯಿಂದ ಬೆಲೆಯೇ ಇಲ್ಲ.

ಕರ್ನಾಟಕದ ಬಹುಪಾಲು ವಿದ್ಯಾರ್ಥಿಗಳಿಗೆ ಈ ಬಗೆಯ ರೈಫಲ್‌ನ ಪರಿಚಯವಾಗುವುದು ಎನ್‌ಸಿಸಿ ತರಬೇತಿಯಲ್ಲಿ. ಗುರಿ ಹೊಡೆಯುವ ಕ್ರೀಡೆಯಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಗಳು ನಡೆಯುವುದೂ ಇದೇ ತೋಟಾದಿಂದ.

ಕಾನೂನಿನ ಚೌಕಟ್ಟು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು 2019ರ ತಿದ್ದುಪಡಿಯವರೆಗೆ .22 ರೈಫಲ್ಲನ್ನು ನೇರವಾಗಿ ಹೆಸರಿಸುತ್ತಿತ್ತು. ಕೇಂದ್ರ ಸರ್ಕಾರದಿಂದ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ ಇದರ ಪರವಾನಗಿಯನ್ನು ನೀಡಬೇಕೆಂದು ಅಲ್ಲಿ ಹೇಳಿತ್ತು. ಬೆಳೆ ರಕ್ಷಣೆಗೆಂದು ಅದೇ ಕಲಮು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ತುಂಗಭದ್ರಾ ಎಡದಂಡೆ ಕಾಲುವೆಯಡಿ ಭತ್ತ ಬೆಳೆಯುವ ಸಿಂಧನೂರಿನ ರೈತರಾಗಲಿ, ಮಳೆಯಾಶ್ರಯದಲ್ಲಿ ತೊಗರಿ ಬೆಳೆಯುವ ಲಿಂಗಸುಗೂರು ಮತ್ತು ಮಸ್ಕಿಯ ರೈತರಾಗಲಿ ಹಂದಿಗಳ ಕಾಟದ ಕಾರಣ ಮುಂದಿಟ್ಟು .22 ರೈಫಲ್ ಕೇಳಿದರೆ, ಅದು ಸಕಾರಣವೇ ಎಂಬುದು ಪರವಾನಗಿ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಜಿಲ್ಲಾ ದಂಡಾಧಿಕಾರಿಯೂ ಆಗಿರುವ ರಾಯಚೂರಿನ ಜಿಲ್ಲಾಧಿಕಾರಿಯೇ ಇಲ್ಲಿ ಆ ಅಧಿಕಾರಿ. ಪರವಾನಗಿ ದೊರೆತರೂ ಬೇಟೆಗೆ ಅನುಮತಿ ದೊರೆತಂತಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೃಷ್ಣಮೃಗವು ಮೊದಲನೆಯ ಅನುಸೂಚಿಯಲ್ಲಿದೆ.

ಹಳೆಯ ಕೋವಿಗೆ ಪರವಾನಗಿ ಬೇಡವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಕಾಯ್ದೆಯ 45ನೇ ಕಲಮಿನ ವಿನಾಯಿತಿ ಇರುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳಿಗೆ ಮಾತ್ರ. 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದ ಮಸ್ಕಿಯಲ್ಲಿ ಪುರಾತನ ವಸ್ತು ಎಂಬ ಮಾತು ಎಲ್ಲರಿಗೂ ಪರಿಚಿತ. ಆದರೆ ನೂರು ವರ್ಷ ದಾಟಿದ ವಸ್ತುವನ್ನು ಪುರಾವಸ್ತುವೆಂದು ಪರಿಗಣಿಸುವ 1972ರ ಕಾಯ್ದೆಯೇ ಬೇರೆ. ಗುಂಡು ಹಾರಿಸಬಲ್ಲ 1920ರ ರೈಫಲ್‌ಗೂ ಪರವಾನಗಿ ಬೇಕು. ಕೊಡಗಿನ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯೂ ರಾಯಚೂರು ಜಿಲ್ಲೆಯವರಿಗೆ ಅನ್ವಯಿಸದು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸವಿದೆ. ಅದೇ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಆದ್ದರಿಂದ ಈಗಾಗಲೇ ಎರಡು ಬಂದೂಕುಗಳಿರುವ ಮನೆಯೊಡೆಯರು ಮೂರನೆಯದನ್ನು ಅಗ್ಗವೆಂದು ನೋಡಲು ಹೋಗುವುದು ವ್ಯರ್ಥ.

ದಾಖಲೆಗಳ ಪರಿಶೀಲನೆ

ರೈಫಲ್ ಮೇಲಿನ ಕ್ರಮಸಂಖ್ಯೆ, ತಯಾರಕರ ಹೆಸರು ಮತ್ತು ವ್ಯಾಸವು ಮಾರುವವರ ಪರವಾನಗಿಯಲ್ಲಿ ಬರೆದುದಕ್ಕೆ ಅಕ್ಷರಶಃ ಹೊಂದಬೇಕು. ಪರವಾನಗಿಯ ಅವಧಿ ಮತ್ತು ವಿಶಿಷ್ಟ ಗುರುತಿನ ಸಂಖ್ಯೆಯನ್ನೂ ನೋಡಬೇಕು. ಕ್ರಮಸಂಖ್ಯೆಯನ್ನು ಉಜ್ಜಿದ ಅಥವಾ ಮತ್ತೆ ಕೊರೆದ ಗುರುತಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಖಾಸಗಿ ವ್ಯಕ್ತಿಯು ಇನ್ನೊಬ್ಬ ಅರ್ಹ ವ್ಯಕ್ತಿಗೆ ಮಾರುವ ಮುನ್ನ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, 45 ದಿನಗಳು ಕಳೆದಿರಬೇಕೆಂದು 5ನೇ ಕಲಮು ಹೇಳುತ್ತದೆ. ಈ ಅವಧಿ ಮುಗಿಯುವ ಮೊದಲೇ ಪೂರ್ತಿ ಹಣ ಕೊಟ್ಟು ರೈಫಲ್ ಒಯ್ಯುವುದು ಇಬ್ಬರಿಗೂ ಅಪಾಯಕಾರಿ.

ಭೌತಿಕ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು.

ನಂತರದ್ದು ನಳಿಗೆ. ಕೊಳೆ ಮತ್ತು ಸೀಸ ಮೆತ್ತಿದ ನಳಿಗೆಯ ಒಳಮೈ ನುಣುಪಾಗಿ ಕಾಣಬಹುದು. ಆದ್ದರಿಂದ ಮಾರುವವರ ಒಪ್ಪಿಗೆ ಪಡೆದು, ಎಣ್ಣೆ ಹಚ್ಚಿದ ಬಟ್ಟೆಯಿಂದ ಶುಚಿಗೊಳಿಸಿದ ಮೇಲೆಯೇ ಬೆಳಕಿಗೆ ಹಿಡಿದು ನೋಡಬೇಕು. 1920ರ ದಶಕಕ್ಕೂ ಹಿಂದಿನ ತೋಟಾಗಳ ಕಿಡಿಮದ್ದು ತೇವವನ್ನು ಸೆಳೆಯುವ ಲವಣವನ್ನು ನಳಿಗೆಯಲ್ಲಿ ಉಳಿಸುತ್ತಿತ್ತು. ಅಂದು ಬಳಸಿ ಶುಚಿಮಾಡದೆ ಬಿಟ್ಟ ರೈಫಲ್‌ಗಳಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳು ಸಾಮಾನ್ಯ. ನಳಿಗೆಯೊಳಗೆ ಕಪ್ಪು ಉಂಗುರದಂತಹ ಗೆರೆ ಕಂಡರೆ, ಹಿಂದೆ ಸಿಕ್ಕಿಕೊಂಡ ಗುಂಡಿನ ಮೇಲೆ ಇನ್ನೊಂದನ್ನು ಹಾರಿಸಿ ನಳಿಗೆ ಉಬ್ಬಿರುವ ಸಂಭವವಿದೆ. ಬಿಗಿಯಾದ ಬಟ್ಟೆಯ ತುಂಡನ್ನು ಕೋಲಿನಿಂದ ನಿಧಾನವಾಗಿ ತಳ್ಳುವಾಗ ಒಂದೆಡೆ ಮಾತ್ರ ಸಡಿಲವೆನಿಸಿದರೆ ಆ ಸಂದೇಹ ದೃಢವಾಗುತ್ತದೆ.

ಚೇಂಬರ್‌ನ ಬಾಯಂಚನ್ನು ಭೂತಗನ್ನಡಿಯಿಂದ ನೋಡಬೇಕು. ತೋಟಾ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸದಿಂದ ಫೈರಿಂಗ್ ಪಿನ್ನು ಈ ಅಂಚಿಗೇ ಬಡಿದು ತಗ್ಗು ಬೀಳುತ್ತದೆ. ಆಗ ತೋಟಾ ಸರಿಯಾಗಿ ಕೂರದು, ಕೆಲವೊಮ್ಮೆ ಹಾರದು. .22 ಶಾರ್ಟ್ ತೋಟಾಗಳನ್ನು ಬಹುಕಾಲ ಹಾರಿಸಿದ ರೈಫಲ್‌ನ ಚೇಂಬರ್‌ನೊಳಗೆ ಸವೆತದ ಬಳೆಯೊಂದು ಬಿದ್ದು, ಲಾಂಗ್ ರೈಫಲ್ ತೋಟಾದ ಖಾಲಿ ಕೋಶ ಹೊರಬರಲು ಅಂಟಿಕೊಳ್ಳುತ್ತದೆ. 1959ರಲ್ಲಿ ಬಂದ .22 ಮ್ಯಾಗ್ನಮ್ ಬೇರೆಯೇ ಅಳತೆಯದು. ಅದರ ಚೇಂಬರಿನಲ್ಲಿ ಲಾಂಗ್ ರೈಫಲ್ ತೋಟಾ ಹಾರಿಸಿದರೆ ಕೋಶ ಸೀಳುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಒಣ ಸೆಕೆಯಲ್ಲಿ ಮರದ ಹಿಡಿ ಕುಗ್ಗಿ ಸೀಳು ಬಿಡುವುದುಂಟು. ಬೋಲ್ಟ್‌ನ ಹಿಂದಿನ ಸಣ್ಣ ಕುತ್ತಿಗೆಯ ಭಾಗವೇ ಹೆಚ್ಚು ದುರ್ಬಲ. ಗುಂಡು ಹಾರಿಸಿ ನೋಡುವ ಪರೀಕ್ಷೆಯನ್ನು ಅಧಿಕೃತ ಶೂಟಿಂಗ್ ರೇಂಜಿನಲ್ಲಿ ಮಾತ್ರ ಮಾಡಬಹುದು.

ತಯಾರಕರು ಮತ್ತು ಬೆಲೆ

ಭಾರತದಲ್ಲಿ ಕೈಬದಲಾಗುವ ಹಳೆಯ .22 ರೈಫಲ್‌ಗಳಲ್ಲಿ ಇಂಗ್ಲೆಂಡಿನ ಬಿಎಸ್‌ಎ, ಜೆಕೊಸ್ಲೊವಾಕಿಯಾದ ಬ್ರನೊ, ಜರ್ಮನಿಯ ಆನ್‌ಶುಟ್ಜ್ ಮತ್ತು ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯವು ಸೇರಿವೆ. ಬಿಎಸ್‌ಎ ರೈಫಲ್‌ಗಳಲ್ಲಿ ಒಂದಕ್ಕೊಂದು ಆನಿಸಿದ ಮೂರು ಬಂದೂಕುಗಳ ಮುದ್ರೆಯಿರುತ್ತದೆ. ಜೆಕ್ ರೈಫಲ್‌ಗಳ ಪರೀಕ್ಷಾ ಮುದ್ರೆಯ ಬಳಿ ವರ್ಷದ ಕೊನೆಯ ಎರಡು ಅಂಕಿಗಳಿರುವುದರಿಂದ ವಯಸ್ಸು ತಿಳಿಯುವುದು ಸುಲಭ.

1980ರ ದಶಕದಲ್ಲಿ ಸಾಮಾನ್ಯ ನಾಗರಿಕರಿಗೆ ಬಂದೂಕು ಆಮದು ನಿಂತಿತು. ಪ್ರಮುಖ ಕ್ರೀಡಾಪಟುಗಳಿಗೆ ಮಾತ್ರ ಪ್ರತ್ಯೇಕ ಅವಕಾಶವಿದೆ. ವಿದೇಶದಲ್ಲಿ ಸಾಧಾರಣವೆನಿಸುವ ಬ್ರನೊ ರೈಫಲ್‌ಗೆ ಇಲ್ಲಿ ವಿಪರೀತ ಬೆಲೆ ಕೇಳುವುದು ಇದೇ ಕಾರಣದಿಂದ. ವಿದೇಶಿ ಬೆಲೆಪಟ್ಟಿಗಳು ಇಲ್ಲಿ ಪ್ರಯೋಜನಕ್ಕೆ ಬಾರವು. ಇಚ್ಛಾಪುರದ ಹೊಸ .22 ರೈಫಲ್‌ನ ಆ ದಿನದ ಬೆಲೆಯನ್ನು ಅಳತೆಗೋಲಾಗಿಟ್ಟು, ಹಳೆಯದು ಅದಕ್ಕಿಂತ ಯಾವುದರಲ್ಲಿ ಮೇಲು, ಯಾವುದರಲ್ಲಿ ಕೀಳು ಎಂದು ಲೆಕ್ಕ ಹಾಕುವುದು ಹೆಚ್ಚು ವಾಸ್ತವಿಕ. ಮ್ಯಾಗಜಿನ್ ಇಲ್ಲದ ಆಮದು ರೈಫಲ್‌ಗೆ ಬಿಡಿಭಾಗ ಹುಡುಕುವುದು ಬಹಳ ಕಷ್ಟವಾದ್ದರಿಂದ ಬೆಲೆಯನ್ನು ಗಣನೀಯವಾಗಿ ಇಳಿಸಬೇಕು. ಮೂಲ ಗುರಿಸಾಧನಗಳು ಉಳಿದಿದ್ದರೆ ಏರಿಸಬಹುದು. ಹೊಳೆಯುವಂತೆ ಮತ್ತೆ ಬಣ್ಣ ಕಟ್ಟಿದ ಲೋಹ ಕಣ್ಣಿಗೆ ಚೆಂದ, ಆದರೆ ಮುದ್ರೆಗಳನ್ನು ಮಸುಕಾಗಿಸಿ ಸಂಗ್ರಹ ಮೌಲ್ಯವನ್ನು ತಗ್ಗಿಸುತ್ತದೆ.

ವಾರಸಿನಿಂದ ಬಂದ ರೈಫಲ್‌ಗಳು

ಪರವಾನಗಿದಾರರು ತೀರಿಕೊಂಡರೆ ರೈಫಲ್ ಮನೆಯವರ ಆಸ್ತಿಯಾಗಿ ಉಳಿದರೂ ಅದನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ತಾನಾಗಿ ಬಾರದು. 21ನೇ ಕಲಮಿನಂತೆ ಅದನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರರು 70 ವರ್ಷ ತುಂಬಿದಾಗ ಅಥವಾ ಬಂದೂಕನ್ನು 25 ವರ್ಷ ಹೊಂದಿದಾಗ, ಯಾವುದು ಮೊದಲೋ ಆಗ, ತಮ್ಮ ಜೀವಿತಾವಧಿಯಲ್ಲಿಯೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ಠೇವಣಿಯಲ್ಲಿ ವರ್ಷಗಟ್ಟಲೆ ಉಳಿದ ರೈಫಲ್ಲನ್ನು ಕೊಳ್ಳುವವರು, ಅದನ್ನು ಇಡುವಾಗ ಎಣ್ಣೆ ಹಚ್ಚಲಾಗಿತ್ತೇ, ಚರ್ಮದ ಚೀಲದೊಳಗೇ ಬಿಡಲಾಗಿತ್ತೇ ಎಂದು ವಿಚಾರಿಸಬೇಕು. ಚರ್ಮವು ತೇವ ಹಿಡಿದಿಡುವುದರಿಂದ ಚೀಲದೊಳಗಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ.