ಪುಟ್ಟ ಗಣಕದ ಮೈಬಿಸಿ

ಸಾವಿರ ವಾಟ್‌ಗಳ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು ೨೦೦ ಚದರ ಸೆಂಟಿಮೀಟರು. ಎಂದರೆ ಚದರ ಸೆಂಟಿಮೀಟರೊಂದಕ್ಕೆ ೫ ವಾಟ್ ಶಾಖ. ಅದನ್ನು ಮುಟ್ಟಲು ನಾವಾರೂ ಮನಸ್ಸು ಮಾಡುವುದಿಲ್ಲ. ಈಗ, ಟೆಲಿವಿಷನ್ ಪರದೆಯ ಕೆಳಗೆ ಸದ್ದಿಲ್ಲದೆ ಕುಳಿತು ಮನೆಮಂದಿಗೆಲ್ಲ ಚಲನಚಿತ್ರ ತೋರಿಸುವ ಪುಟ್ಟ ಗಣಕಯಂತ್ರವನ್ನು ನೋಡೋಣ. ಅದರ ಪ್ರೊಸೆಸರಿನೊಳಗಣ ಸಿಲಿಕನ್ ತುಣುಕು ಒಂದೂವರೆ ಚದರ ಸೆಂಟಿಮೀಟರಿನಷ್ಟಿದ್ದು, ಪೂರ್ಣ ಶ್ರಮದಲ್ಲಿ ೬೦ ವಾಟ್ ಸೆಳೆಯುವುದೆಂದು ಇಟ್ಟುಕೊಂಡರೆ, ಚದರ ಸೆಂಟಿಮೀಟರಿಗೆ ೪೦ ವಾಟ್ ಆಯಿತು. ಇಸ್ತ್ರಿಪೆಟ್ಟಿಗೆಯ ಎಂಟರಷ್ಟು! ಇಸ್ತ್ರಿಪೆಟ್ಟಿಗೆಗೆ ಬಿಸಿಯಾಗುವುದೇ ಕಸುಬು. ಗಣಕಕ್ಕಾದರೋ ಅದು ಬೇಡದ ಬಳುವಳಿ.

ಈ ಶಾಖ ಎಲ್ಲಿಂದ ಬರುತ್ತದೆ? ಗಣಕವು ಭಾರವನ್ನೆತ್ತುವುದಿಲ್ಲ, ಬಾವಿಯಿಂದ ನೀರೆಳೆಯುವುದಿಲ್ಲ. ಆದುದರಿಂದ ಅದು ಸೆಳೆದ ವಿದ್ಯುಚ್ಛಕ್ತಿಯೆಲ್ಲವೂ ಬಹುಮಟ್ಟಿಗೆ ಶಾಖವಾಗಿಯೇ ಪರಿಣಮಿಸಬೇಕು. ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವಾಗ ಒಂದೊಂದೂ ಒಂದಿಷ್ಟು ವಿದ್ಯುದಾವೇಶವನ್ನು ತುಂಬಿ ಚೆಲ್ಲುತ್ತದೆ. ಹೀಗೆ ವ್ಯಯವಾಗುವ ಶಕ್ತಿಯು ತೆರೆದು ಮುಚ್ಚುವ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಈ ಶಾಖವು ಸುಮಾರು ಐದರಲ್ಲೊಂದು ಪಾಲು ತಗ್ಗುವುದು ಇದರಿಂದಲೇ.

ಶಾಖವನ್ನು ಹೊರಹಾಕದಿದ್ದರೆ ಏನಾದೀತು? ಪ್ರೊಸೆಸರಿನ ಉಷ್ಣತೆ ೧೦೦ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿದಾಗ ಅದು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಪರದೆಯ ಮೇಲಣ ಚಿತ್ರ ತಡವರಿಸುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೂ ದೊಡ್ಡದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ ೧೦ ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಅನುಭವದ ಲೆಕ್ಕ.

ಪೆಟ್ಟಿಗೆ ಚಿಕ್ಕದಾದಷ್ಟೂ ಸಮಸ್ಯೆ ಬಿಗಿಯಾಗುತ್ತದೆ. ತೈವಾನಿನ ವಿಯಾ ಸಂಸ್ಥೆ ೨೦೦೧ರಲ್ಲಿ ಹೊರತಂದ ಮಿನಿ-ಐಟಿಎಕ್ಸ್ ಫಲಕದ ಉದ್ದಗಲ ೧೭ ಸೆಂಟಿಮೀಟರು ಮಾತ್ರ. ಅದಕ್ಕೂ ಮುಂಚೆ, ೨೦೦೦ದಲ್ಲಿ, ಆಪಲ್ ಸಂಸ್ಥೆಯ ಘನಾಕೃತಿಯ 'ಜಿ೪ ಕ್ಯೂಬ್' ಯಂತ್ರವು ಬೀಸಣಿಗೆಯೇ ಇಲ್ಲದೆ ಬಂದಿತ್ತು. ಬಿಸಿಗಾಳಿ ಹಗುರವಾಗಿ ಮೇಲಣ ಕಿಂಡಿಯಿಂದ ತಾನಾಗಿಯೇ ಹೊರಬೀಳುವುದು, ತಣ್ಣನೆಯ ಗಾಳಿ ಕೆಳಗಿನಿಂದ ಒಳಸೇರುವುದು: ಅಡಿಗೆಮನೆಯ ಹೊಗೆಗೂಡಿನ ನ್ಯಾಯವೇ. ಮರುವರ್ಷ ಅದರ ತಯಾರಿಕೆ ನಿಂತರೂ ಆ ವಿಚಾರ ಉಳಿಯಿತು.

ಸಿಲಿಕನ್ನಿನಿಂದ ಹೊರಟ ಶಾಖದ ದಾರಿಯಲ್ಲಿ ಅತಿ ಸೊಗಸಾದ ಘಟ್ಟವೆಂದರೆ ಶಾಖನಳಿಕೆ. ಅದಕ್ಕೆ ಮೊದಲು ಪ್ರೊಸೆಸರಿಗೂ ಲೋಹಕ್ಕೂ ನಡುವೆ ಒಂದು ಲೇಪವಿರುತ್ತದೆ. ಎಷ್ಟೇ ನಯವಾಗಿ ಕಂಡರೂ ಎರಡು ಲೋಹದ ಮೈಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ತಾಮ್ರದ ಶಾಖವಹನ ಶಕ್ತಿ ಗಾಳಿಯದಕ್ಕಿಂತ ಸುಮಾರು ಹದಿನೈದು ಸಾವಿರ ಪಾಲು ಹೆಚ್ಚು. ಆ ಗಾಳಿಯನ್ನು ಹೊರದೂಡುವುದಷ್ಟೇ ಲೇಪದ ಕೆಲಸ. ದೋಸೆಗೆ ಬೆಣ್ಣೆ ಹಾಕುವ ಉದಾರತೆ ಇಲ್ಲಿ ಸಲ್ಲದು. ಇನ್ನು ಶಾಖನಳಿಕೆಯೆಂದರೆ, ಗಾಳಿ ತೆಗೆದು ತುಸು ನೀರು ಬಿಟ್ಟು ಮುಚ್ಚಿದ ತಾಮ್ರದ ಕೊಳವೆ. ಒಳಗೆ ಒತ್ತಡ ಕಡಮೆಯಾದುದರಿಂದ ನೀರು ೫೦ ಡಿಗ್ರಿಯಲ್ಲಿಯೂ ಕುದಿಯಬಲ್ಲದು. ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಗೆ ಧಾವಿಸಿ, ಇಡ್ಲಿಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟುವಂತೆ ಅಲ್ಲಿ ನೀರಾಗುತ್ತದೆ. ಒಳಮೈಯ ಸಚ್ಛಿದ್ರ ಪದರವು ದೀಪದ ಬತ್ತಿ ಎಣ್ಣೆಯನ್ನೆಳೆಯುವಂತೆ ಅದನ್ನು ಹಿಂದಕ್ಕೆಳೆದು ತರುತ್ತದೆ. ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು ೨,೪೦೦ ಜೂಲ್ ಶಾಖ ಬೇಕು. ಎಂದ ಮೇಲೆ ನಮ್ಮ ೬೦ ವಾಟ್‌ಗಳನ್ನು ಸಾಗಿಸಲು ಸೆಕೆಂಡಿಗೆ ಗ್ರಾಮಿನ ನಲವತ್ತನೆಯ ಒಂದು ಭಾಗ ಆವಿಯಾದರೆ ಸಾಕು! ಅಮೆರಿಕದ ಗಾಗ್ಲರ್ ಎಂಬವರು ೧೯೪೪ರಲ್ಲಿ ಪೇಟೆಂಟ್ ಪಡೆದಿದ್ದ ಈ ಯುಕ್ತಿಯನ್ನು ೧೯೬೩ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಕಂಡುಕೊಂಡು ಸಾಧಿಸಿ ತೋರಿಸಿದರು.

ಕೊನೆಗೆ ಶಾಖವನ್ನು ಒಯ್ಯುವುದು ಗಾಳಿಯೇ. ೧೦ ಡಿಗ್ರಿಯಷ್ಟು ಮಾತ್ರ ಬಿಸಿಯಾಗಿ ೬೦ ವಾಟ್ ಹೊರಬೇಕಾದರೆ ಸೆಕೆಂಡಿಗೆ ೫ ಲೀಟರು ಗಾಳಿ ಹರಿಯಬೇಕು. ಇದನ್ನು ಚಿಕ್ಕ ಬೀಸಣಿಗೆ ಚೀರುತ್ತ ಮಾಡುತ್ತದೆ, ದೊಡ್ಡದು ಪಿಸುಗುಟ್ಟುತ್ತ ಮಾಡುತ್ತದೆ. ಒಂದೇ ಬೀಸಣಿಗೆಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು ೧೫ ಡೆಸಿಬೆಲ್ ಇಳಿಯುತ್ತದೆ. ನಾಟಕದ ಮೌನವನ್ನು ಕೇಳಬಯಸುವವರಿಗೆ ಇದು ಸಣ್ಣ ಲಾಭವಲ್ಲ.

ಇಷ್ಟೆಲ್ಲ ಜಾಣ್ಮೆಯನ್ನೂ ಧೂಳಿನ ಭಯದಿಂದ ಕಪಾಟಿನ ಬಾಗಿಲು ಮುಚ್ಚಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ ನಾವೇ ವ್ಯರ್ಥ ಮಾಡುತ್ತೇವೆ. ಆಗ ಯಂತ್ರವು ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಸೇದುತ್ತದೆ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿಯಂಥ ಊರಲ್ಲಿ ಇದು ಬರೆಯ ಮೇಲೆ ಬರೆ. ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಬಹುದು: ಕೋಣೆಯ ಉಷ್ಣತೆ ಅಳೆಯುವ ಥರ್ಮಾಮೀಟರನ್ನು (ಜ್ವರದ್ದಲ್ಲ) ಗಣಕವು ಗಾಳಿ ಸೇದುವ ಕಿಂಡಿಯ ಬಳಿ ಇಟ್ಟು, ಬಾಗಿಲು ಮುಚ್ಚಿ ಅರ್ಧ ಗಂಟೆ ಚಿತ್ರ ನೋಡಿ, ಅಂಕಿಯನ್ನು ಬರೆದುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ಅದೇ ಚಿತ್ರವನ್ನು ಬಾಗಿಲು ತೆರೆದಿಟ್ಟು ನೋಡಿ. ಎರಡು ದಿನವೂ ಕೋಣೆಯ ಉಷ್ಣತೆಯನ್ನು ಗುರುತಿಸಿಕೊಂಡು ಅದನ್ನು ಕಳೆಯಲು ಮರೆಯಬೇಡಿ.