ಬೇಲಿ ಕಟ್ಟುವವರಿಗೂ ಕಟ್ಟಿಸುವವರಿಗೂ

ಬೆವರು ಸುರಿಸಿ ಬೆಳೆದ ಬೆಳೆಯನ್ನು ದನಕರುಗಳಿಂದಲೂ ಕಾಡುಹಂದಿಗಳಿಂದಲೂ ಕಾಪಾಡಿಕೊಳ್ಳಲು ನಮ್ಮ ರೈತನು ಹೂಡುವ ಬಂಡವಾಳದಲ್ಲಿ ಬೇಲಿಯ ಪಾಲು ಅಲ್ಪವಾದುದಲ್ಲ. ಆದರೂ ಬಿತ್ತನೆಯ ಬೀಜವನ್ನು ಅಂಗೈಯಲ್ಲಿಟ್ಟು ಪರೀಕ್ಷಿಸಿ ಕೊಳ್ಳುವ ಅದೇ ರೈತನು, ಬೇಲಿಯ ಮಾತು ಬಂದಾಗ ‘ಎಕರೆಗೆ ಎಷ್ಟಾಗುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ, ಬಂದ ಉತ್ತರದ ಮೇಲೆಯೇ ಗುತ್ತಿಗೆಯನ್ನು ನಿಶ್ಚಯಿಸಿಬಿಡುತ್ತಾನೆ. ಬೇಲಿಯ ಬೆಲೆ ಎಕರೆಯನ್ನು ಅವಲಂಬಿಸಿದುದಲ್ಲ. ಅದು ಸುತ್ತಳತೆಯನ್ನೂ ನೆಲದ ಗುಣವನ್ನೂ ಅವಲಂಬಿಸಿದುದು. ಒಂದು ಎಕರೆಗೆ 43,560 ಚದರ ಅಡಿ. ಅದು ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಅದೇ ಎಕರೆಯು 60 ಅಡಿ ಅಗಲ, 726 ಅಡಿ ಉದ್ದದ ಪಟ್ಟಿಯಾಗಿದ್ದರೆ ಸುತ್ತಳತೆ 1,572 ಅಡಿ. ಹತ್ತು ಅಡಿಗೊಂದು ಕಂಬವನ್ನು ನೆಟ್ಟರೆ ಮೊದಲನೆಯದಕ್ಕೆ ಸುಮಾರು 84 ಕಂಬಗಳು, ಎರಡನೆಯದಕ್ಕೆ 158. ನೆರೆಯವನ ಒಂದು ಎಕರೆಗೆ ಆದ ಖರ್ಚೇ ನನ್ನ ಒಂದು ಎಕರೆಗೂ ಆಗಬೇಕೆಂಬ ವಾದವು ಎಷ್ಟು ದುರ್ಬಲವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದಕಾರಣ ಬೆಲೆಯನ್ನು ಹೇಳುವ ಮೊದಲು ಗುತ್ತಿಗೆದಾರನೂ, ಒಪ್ಪುವ ಮೊದಲು ಜಮೀನಿನ ಒಡೆಯನೂ ಕೂಡಿ ಎಲ್ಲೆಯ ಉದ್ದಕ್ಕೂ ನಡೆದು ನೋಡುವುದು ಅವಶ್ಯಕ. ಎಲ್ಲೆಯೇ ವಿವಾದದಲ್ಲಿದ್ದರೆ ಸರ್ಕಾರಿ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ, ಬಾಂದುಕಲ್ಲುಗಳನ್ನು ಗುರುತಿಸಿಕೊಂಡ ತರುವಾಯವೇ ಹಾರೆಯನ್ನು ನೆಲಕ್ಕೆ ಹಾಕಬೇಕು. ನೆರೆಹೊರೆಯವರು ಹಿಂದಿನಿಂದಲೂ ಬಳಸಿಕೊಂಡು ಬಂದ ಗಾಡಿದಾರಿ, ಮಳೆನೀರು ಹರಿಯುವ ಹಳ್ಳ, ಬಂಡೆ, ತಿರುವು ಇವೆಲ್ಲವೂ ಆ ನಡಿಗೆಯಲ್ಲಿಯೇ ಕಣ್ಣಿಗೆ ಬೀಳುತ್ತವೆ. ಮಲೆನಾಡಿನ, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಒಂದು ಗುಂಡಿಯನ್ನು ತೋಡುವ ಶ್ರಮದಲ್ಲಿ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಹಲವು ಗುಂಡಿಗಳನ್ನು ತೋಡಬಹುದು. ಉತ್ತರ ಕರ್ನಾಟಕದ ಎರೆಭೂಮಿಯಾದರೋ ತೋಡುವುದಕ್ಕೆ ಸುಲಭವೆನಿಸಿದರೂ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ತನ್ನ ಸ್ವಭಾವದಿಂದ ಆಳವಿಲ್ಲದ ಕಂಬವನ್ನು ಕೆಲವೇ ವರ್ಷಗಳಲ್ಲಿ ವಾಲಿಸಿಬಿಡುತ್ತದೆ. ಮಣ್ಣನ್ನು ನೋಡದೆ ಅಡಿಗಿಷ್ಟೆಂದು ದರ ಹೇಳುವವನು ತನಗಾದರೂ ನಷ್ಟವನ್ನು ತಂದುಕೊಳ್ಳುತ್ತಾನೆ, ಇಲ್ಲವೆ ಕೆಲಸದಲ್ಲಿ ಕೊರತೆಯನ್ನು ಮಾಡುತ್ತಾನೆ.

ಏಳಡಿಯ ಕಲ್ಲುಕಂಬದಲ್ಲಿ ಎರಡಡಿಯಾದರೂ ನೆಲದೊಳಗೆ ಇಳಿಯಬೇಕು. ತಂತಿಯ ಎಳೆತವನ್ನೆಲ್ಲ ತಾಳುವವು ಮೂಲೆಯ ಕಂಬಗಳು. ಅವಕ್ಕೆ ಎರಡು ದಿಕ್ಕಿನಿಂದಲೂ ಓರೆಯಾಗಿ ಆಸರೆಗಲ್ಲು ಕೊಡದಿದ್ದರೆ ಎಷ್ಟು ಬಿಗಿಯಾಗಿ ಎಳೆದ ತಂತಿಯೂ ಕಾಲಕ್ರಮದಲ್ಲಿ ಜೋಲುಬೀಳುವುದು ನಿಶ್ಚಯ. ಮುಳ್ಳುತಂತಿಯ ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ: 12 ಗೇಜಿನ ತಂತಿ ಸುಮಾರು 2.6 ಮಿಲಿಮೀಟರ್ ದಪ್ಪ, 14 ಗೇಜಿನದು ಸುಮಾರು 2 ಮಿಲಿಮೀಟರ್. ಅಂಗಡಿಯಲ್ಲಿ ತಂತಿಯನ್ನು ತೂಕದ ಮೇಲೆ ಮಾರುವರು, ಹೊಲದಲ್ಲಿ ಅದು ಉದ್ದದ ಮೇಲೆ ಖರ್ಚಾಗುತ್ತದೆ. ಆದುದರಿಂದ ಕಿಲೋಗೆ ಎಷ್ಟು ಮೀಟರ್ ಬರುತ್ತದೆಂಬುದನ್ನೂ, ಸತುವಿನ ಲೇಪ ಹೇಗಿದೆಯೆಂಬುದನ್ನೂ ವಿಚಾರಿಸದೆ ಕಿಲೋ ದರವನ್ನಷ್ಟೇ ಹೋಲಿಸುವುದು ವ್ಯರ್ಥ. ಹಣದ ಅನುಕೂಲ ಕಡಮೆಯಿರುವವರು ಮುಂಗಾರಿನ ಆರಂಭದಲ್ಲಿ ಗ್ಲಿರಿಸಿಡಿಯಾದ ಕಡ್ಡಿಗಳನ್ನು ಒತ್ತಾಗಿ ನೆಟ್ಟು ಜೀವಂತ ಬೇಲಿಯನ್ನು ಬೆಳೆಸಬಹುದು. ಅದರ ಸೊಪ್ಪು ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವ ದುಸ್ಸಾಹಸಕ್ಕೆ ಮಾತ್ರ ಯಾರೂ ಇಳಿಯಬಾರದು. ಸೋಲಾರ್ ಬೇಲಿಯ ಯಂತ್ರವು ಕ್ಷಣಮಾತ್ರದ ಮಿಡಿತಗಳನ್ನು ಬಿಟ್ಟುಬಿಟ್ಟು ಕಳುಹಿಸಿ ಪ್ರಾಣಿಯನ್ನು ಹೆದರಿಸಿ ಓಡಿಸುತ್ತದೆ. ನೇರವಾದ ವಿದ್ಯುತ್ತಾದರೋ ಆನೆಯನ್ನೂ ಆಳನ್ನೂ ಮನೆಯ ಮಗುವನ್ನೂ ಒಂದೇ ಸಮನಾಗಿ ಕೊಲ್ಲುತ್ತದೆ, ಮತ್ತು ಅದು ಶಿಕ್ಷಾರ್ಹವಾದ ಅಪರಾಧ.

ಇನ್ನು ಲೆಕ್ಕದ ಮಾತು. ಕಲ್ಲು, ಮುಳ್ಳುತಂತಿ, ಕಟ್ಟುತಂತಿ, ಗೇಟು, ಸಾಗಣೆ, ಎಲ್ಲೆಯ ಪೊದೆಗಳನ್ನು ಸವರುವ ಕೂಲಿ, ಗುಂಡಿಯ ಕೂಲಿ, ತಂತಿ ಎಳೆಯುವ ಕೂಲಿ ಇವುಗಳನ್ನು ಬೇರೆಬೇರೆಯಾಗಿ ಬರೆದು, ಮುರಿಯುವ ಕಲ್ಲಿಗೂ ಅನಿರೀಕ್ಷಿತವಾದ ಬಂಡೆಗೂ ಸ್ವಲ್ಪವನ್ನು ಸೇರಿಸಿ, ಕೊನೆಗೆ ತನ್ನ ಲಾಭವನ್ನು ಮುಚ್ಚುಮರೆಯಿಲ್ಲದೆ ಕಾಣಿಸುವ ಗುತ್ತಿಗೆದಾರನೇ ನಂಬಿಕೆಗೆ ಅರ್ಹನು. ಸಾಮಾನು ಯಾರದು, ಆಳುಗಳ ಊಟ ಯಾರದು, ಬಂಡೆ ಸಿಕ್ಕರೆ ಹೆಚ್ಚಿನ ದರವೆಷ್ಟು ಎಂಬುದು ಕಾಗದದ ಮೇಲಿರಲಿ. ಮುಂಗಡವನ್ನು ಕೊಟ್ಟು, ಕಂಬ ನಿಂತಮೇಲೆ ಒಂದು ಕಂತನ್ನೂ ತಂತಿ ಬಿಗಿದು ಎಲ್ಲೆಯನ್ನು ಮತ್ತೊಮ್ಮೆ ನಡೆದು ನೋಡಿದಮೇಲೆ ಉಳಿದುದನ್ನೂ ಸಲ್ಲಿಸುವ ಕ್ರಮವು ಇಬ್ಬರಿಗೂ ಕ್ಷೇಮಕರ.

ಬೇಲಿಯ ಕೆಲಸದಲ್ಲಿ ಗೂಟ ಕತ್ತರಿಸಲೂ ಕೊಂಬೆ ಸವರಲೂ ಬಳಸುವ ಚೈನ್‌ಸಾ ಎಂಬ ಯಂತ್ರಗರಗಸದ ಸವೆತವನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮ ಕೆಲಸಗಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ಒಂದು ಚೈನ್‌ಸಾದ ಬೆಲೆ 30,000 ರೂಪಾಯಿಯೆಂದೂ ಅದು 1,000 ಗಂಟೆ ದುಡಿಯುವುದೆಂದೂ ಭಾವಿಸಿದರೆ, ಪೆಟ್ರೋಲು, ಎಣ್ಣೆ, ಹೊಸ ಚೈನು, ರಿಪೇರಿ ಯಾವುದೂ ಸೇರದೆ ಗಂಟೆಗೆ 30 ರೂಪಾಯಿ ಸವೆದುಹೋಗುತ್ತದೆ. ಇದನ್ನು ದರದಲ್ಲಿ ಸೇರಿಸದವನು ಲಾಭವೆಂದು ಎಣಿಸಿದುದು ವಾಸ್ತವವಾಗಿ ತನ್ನ ಬಂಡವಾಳವೇ ಕರಗಿ ಬಂದ ಹಣ.

ಚೈನ್‌ಸಾವನ್ನು ಆರಿಸುವಾಗ ದೊಡ್ಡದೇ ಉತ್ತಮವೆಂಬ ಭ್ರಮೆಯನ್ನು ಬಿಡಬೇಕು. ಗೂಟ ಕತ್ತರಿಸಿ ಕೊಂಬೆ ಸವರುವ ಕೆಲಸಕ್ಕೆ 35 ಸಿಸಿಯ ಆಸುಪಾಸಿನ ಎಂಜಿನ್ನೂ 14 ಅಥವಾ 16 ಅಂಗುಲದ ಬಾರೂ (ಚೈನು ಸುತ್ತುವ ಲೋಹದ ಪಟ್ಟಿ) ಸಾಕು. ತೋಟದ ಮಧ್ಯಮ ಗಾತ್ರದ ಮರಗಳಿಗೆ 45 ರಿಂದ 50 ಸಿಸಿ ಮತ್ತು 18 ಅಂಗುಲದ ಬಾರು ತಕ್ಕವು. ದಿನವಿಡೀ ಕೈಯಲ್ಲಿ ಹಿಡಿಯಬೇಕಾದುದರಿಂದ ತೂಕವನ್ನು ಎತ್ತಿನೋಡಿಯೇ ಕೊಳ್ಳಬೇಕು. ಬಿಡಿಭಾಗಗಳೂ ರಿಪೇರಿಯೂ ಸಮೀಪದ ಪೇಟೆಯಲ್ಲಿಯೇ ದೊರೆಯದಿದ್ದರೆ ಅಗ್ಗದ ಯಂತ್ರವು ಕೆಲವೇ ತಿಂಗಳುಗಳಲ್ಲಿ ಮೂಲೆ ಸೇರುತ್ತದೆ. ಬಾರಿನ ತುದಿಯ ಮೇಲ್ಭಾಗವು ಮರಕ್ಕೆ ತಾಗಿದರೆ ಯಂತ್ರವು ಹಿಡಿದವನ ಮುಖದತ್ತ ಚಿಮ್ಮುತ್ತದೆ. ಆ ಕ್ಷಣದಲ್ಲಿ ಚೈನನ್ನು ನಿಲ್ಲಿಸುವ ಬ್ರೇಕು ಇಲ್ಲದ ಯಂತ್ರವನ್ನು ಎಷ್ಟು ಕಡಮೆಗೆ ಕೊಟ್ಟರೂ ಕೊಳ್ಳಬಾರದು. ಎರಡು ಸ್ಟ್ರೋಕಿನ ಈ ಎಂಜಿನ್ನಿಗೆ ಪೆಟ್ರೋಲಿನೊಂದಿಗೆ ಎಣ್ಣೆಯನ್ನು ಬೆರಸಲೇಬೇಕು. ಲೀಟರಿಗೆ 20 ಮಿಲಿಲೀಟರ್ ಎಂಬುದು ಒಳ್ಳೆಯ ಎಣ್ಣೆಗೆ ಸಾಮಾನ್ಯವಾದ ಪ್ರಮಾಣವಾದರೂ ಕೈಪಿಡಿಯ ಮಾತೇ ಅಂತಿಮ. ಹರಿತವಾದ ಚೈನು ಸಣ್ಣ ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡಾದುದು ಹಿಟ್ಟಿನಂಥ ಪುಡಿಯನ್ನು. ಪುಡಿ ಕಂಡೊಡನೆ ಕೆಲಸವನ್ನು ನಿಲ್ಲಿಸಿ ಅರ ಹಾಕಬೇಕು. ಏಣಿಯ ಮೇಲೆ ನಿಂತು, ಇಲ್ಲವೆ ಹೆಗಲಿಗಿಂತ ಮೇಲೆತ್ತಿ ಕೊಯ್ಯುವುದು ಪ್ರಾಣಾಪಾಯಕರ.

ಬೇಲಿಗೂ ಗರಗಸಕ್ಕೂ ಇನ್ನೊಂದು ಸಂಬಂಧವುಂಟು. ಕಂಬದ ಖರ್ಚನ್ನು ಉಳಿಸಲೆಂದು ಬದುವಿನ ಮರಕ್ಕೆ ಹೊಡೆದ ಮೊಳೆ, ಸುತ್ತಿದ ತಂತಿ ವರ್ಷಗಳು ಉರುಳಿದಂತೆ ತೊಗಟೆಯೊಳಗೆ ಮರೆಯಾಗಿ, ಮುಂದೊಂದು ದಿನ ಆ ಮರವನ್ನು ಕೊಯ್ಯುವ ಅಮಾಯಕನ ಚೈನನ್ನು ಹರಿದು ಅವನನ್ನೇ ಗಾಯಗೊಳಿಸಬಲ್ಲವು. ಮರವನ್ನು ಉರುಳಿಸುವ ಮುನ್ನ ಅನುಮತಿಯ ವಿಚಾರವನ್ನೂ ಮರೆಯಬಾರದು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಜಾತಿಗಳನ್ನುಳಿದು, ಸ್ವಂತ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕಾಗುತ್ತದೆ.

ಬೇಲಿ ಕಟ್ಟಿಸುವವರಲ್ಲಿ ನನ್ನ ವಿನಂತಿಯಿಷ್ಟೆ: ಎಲ್ಲರಿಗಿಂತ ಕಡಮೆ ದರ ಹೇಳಿದವನನ್ನು ಒಪ್ಪುವ ಮೊದಲು ಅವನು ನಿಮ್ಮ ಎಲ್ಲೆಯನ್ನು ಪೂರ್ತಿಯಾಗಿ ನಡೆದು ನೋಡಿದನೇ ಎಂಬುದನ್ನು ವಿಚಾರಿಸಿರಿ, ನಡೆದು ನೋಡಿ, ಅಳೆದು, ಬರೆದು ಹೇಳಿದವನ ದರವು ತುಸು ಹೆಚ್ಚೆನಿಸಿದರೂ ಅದನ್ನೇ ಒಪ್ಪಿರಿ.