ಸಂಚಕಾರ ಕೊಡುವ ಮುನ್ನ: ಊರ ಹೊರಗಿನ ಪ್ಲಾಟು, ತಪ್ಪು ಕಲ್ಪನೆ ಮತ್ತು ವಾಸ್ತವ

ಕೌಜಲಗಿ, ಕುಲಗೋಡ ಕಡೆಯ ಮನೆಗಳಲ್ಲಿ ಕಬ್ಬಿನ ಬಿಲ್ಲು ಕೈಗೆ ಬಂದಾಗ ಒಂದು ಮಾತು ಏಳುತ್ತದೆ. ಗೋಕಾಕದಲ್ಲೋ ಘಟಪ್ರಭಾದಲ್ಲೋ ಮೂಡಲಗಿಯಲ್ಲೋ ಊರ ಹೊರಗೆ ಒಂದು ಪ್ಲಾಟು ಹಿಡಿದರೆ ಹೇಗೆ? ಮಕ್ಕಳ ಸಾಲಿಗೆ ಅನುಕೂಲ, ವಯಸ್ಸಾದವರಿಗೆ ದವಾಖಾನೆ ಹತ್ತಿರ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಪ್ಲಾಟು ತೋರಿಸಲು ಕರೆದೊಯ್ಯುವವರು ಹೇಳುವ, ನಾವೂ ತಲೆಯಾಡಿಸುವ ಕೆಲವು ಮಾತುಗಳನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

“ಎನ್.ಎ. ಆಗೇತಿ, ಇನ್ನೇನ್ ಬೇಕ್ರಿ?”

ಬೇಕಾದದ್ದು ಇನ್ನೂ ಬಹಳ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿ ಕೊಡುವ ಎನ್.ಎ. ಆದೇಶ ಹೇಳುವುದು ಇಷ್ಟೇ: ಈ ಜಮೀನನ್ನು ಬೇಸಾಯ ಬಿಟ್ಟು ಬೇರೆ ಉದ್ದೇಶಕ್ಕೆ ಬಳಸಬಹುದು. ಅಲ್ಲಿ ರಸ್ತೆ ಎಷ್ಟು ಅಗಲ, ಗಟಾರ ಎಲ್ಲಿ, ಉದ್ಯಾನದ ಜಾಗ ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಯೋಜನಾ ಪ್ರಾಧಿಕಾರ ಒಪ್ಪಿದ ವಿನ್ಯಾಸ ನಕ್ಷೆ ಬೇರೆಯೇ ಆಗಬೇಕು. ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಬರಬೇಕು. ಕೈಗೆ ಕೊಟ್ಟದ್ದು 11ಬಿ ಆಗಿದ್ದರೆ ಅಲ್ಲೇ ನಿಲ್ಲಿ. ತೆರಿಗೆ ಕಟ್ಟಿಸಿಕೊಳ್ಳಲು ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ, ಮುಂದೆ ಬ್ಯಾಂಕಿನ ಸಾಲಕ್ಕೆ ಹೋದಾಗ ಅದರ ಬಿಸಿ ತಟ್ಟುತ್ತದೆ. ಒಟ್ಟು ಜಾಗ 500 ಚದರ ಮೀಟರ್ ಮೀರಿದ ಹೊಸ ಬಡಾವಣೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನು ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಪರೀಕ್ಷಿಸಬಹುದು.

ಇದಕ್ಕಿಂತ ಅಪಾಯದ್ದು ಗುಂಟೆ ವ್ಯವಹಾರ. ಹೊಲದಲ್ಲಿಯೇ ಕಲ್ಲು ನೆಟ್ಟು, ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಮುದ್ರೆ ಒತ್ತಿಸಿ ಒಂದೆರಡು ಗುಂಟೆ ಮಾರುವುದು. ಒಂದು ಗುಂಟೆ ಎಂದರೆ 1,089 ಚದರ ಅಡಿ. ಮನೆಗೆ ಸಾಕಾಗುವಷ್ಟು ಜಾಗ, ದರವೂ ಕಡಿಮೆ, ಹಾಗಾಗಿ ಮನಸ್ಸು ಜಾರುತ್ತದೆ. ಆದರೆ 100 ರೂಪಾಯಿ ಮೇಲ್ಪಟ್ಟ ಯಾವ ಸ್ಥಿರಾಸ್ತಿಯ ಖರೇದಿಯೂ ನೋಂದಣಿಯಾಗದೆ ಊರ್ಜಿತವಲ್ಲ. ಉತಾರದಲ್ಲಿ ಹೊಲದವನ ಹೆಸರೇ ಉಳಿಯುತ್ತದೆ. ಅವನು ಸತ್ತರೆ ವಾರಸುದಾರರ ಹೆಸರು ಏರುತ್ತದೆ, ನಿಮ್ಮದಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದವು. ರೈತನಲ್ಲದವನೂ ಹೊಲ ಕೊಳ್ಳಬಹುದು ಎಂಬುದು ನಿಜ. ಆದರೆ ಕೊಂಡ ಹೊಲದಲ್ಲಿ ಮನೆ ಕಟ್ಟಬಹುದು ಎಂದು ಆ ತಿದ್ದುಪಡಿ ಎಲ್ಲೂ ಹೇಳಿಲ್ಲ.

“ಹೊಳಿ ದೂರ ಐತಿ, ನೀರ ಬರೂದಿಲ್ಲ”

2019ರ ಆಗಸ್ಟ್ ತಿಂಗಳಲ್ಲಿ ಗೋಕಾಕದ ಓಣಿಗಳಲ್ಲಿ ನೀರು ನಿಂತದ್ದನ್ನು ಕಂಡವರು ಈ ಮಾತನ್ನು ಅಷ್ಟು ಸಲೀಸಾಗಿ ಆಡುವುದಿಲ್ಲ. ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಜಲಾಶಯ ಇದೆಯಲ್ಲ, ಅದು ತಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. 51 ಟಿಎಂಸಿ ಅಡಿಯ ಆ ಜಲಾಶಯ ತುಂಬಿದ ಮೇಲೆ ಬಂದಷ್ಟು ನೀರನ್ನೂ ಬಿಡಲೇಬೇಕು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳಂತೂ ಅದರ ಹಿಡಿತದಲ್ಲೇ ಇಲ್ಲ; ಜಲಾಶಯದ ಕೆಳಗೆ ಬಂದು ಘಟಪ್ರಭೆಯನ್ನು ಕೂಡುತ್ತವೆ. ಮಾರ್ಕಂಡೇಯ ಬಂದು ಸೇರುವುದು ಗೋಕಾಕದ ಮಗ್ಗುಲಲ್ಲೇ. ಘಟಪ್ರಭೆ ತುಂಬಿ ಹರಿಯುವಾಗ ಮಾರ್ಕಂಡೇಯದ ನೀರಿಗೆ ಮುಂದೆ ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ, ಊರೊಳಗೆ ನುಗ್ಗುತ್ತದೆ. ಗೋಕಾಕದ ಬಳಿ ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ 2024ರ ಜುಲೈನಲ್ಲಿ ಮತ್ತೆ ಮುಳುಗಿತು. ಮನೆಗೆ ನೀರು ಬರದಿದ್ದರೂ ಸೇತುವೆ ಮುಳುಗಿದರೆ ಸಾಲಿ, ದವಾಖಾನೆ, ಪೇಟೆ ಎಲ್ಲದಕ್ಕೂ ಸುತ್ತು ಹಾಕಬೇಕು. ಪ್ಲಾಟು ನೋಡುವವರು ಪ್ಲಾಟಿನ ಎತ್ತರವನ್ನು ಕೇಳುತ್ತಾರೆ, ದಾರಿಯ ಎತ್ತರವನ್ನು ಕೇಳುವುದಿಲ್ಲ.

ಹೊಳೆಗಿಂತ ಹೆಚ್ಚು ಮೋಸ ಮಾಡುವುದು ಹಳ್ಳ. ಬೇಸಿಗೆಯಲ್ಲಿ ಒಣಗಿದ ಸಣ್ಣ ಹಳ್ಳಕ್ಕೆ ಮುರುಮ ತುಂಬಿ ಸಪಾಟು ಮಾಡಿದರೆ ಅದೂ ಪ್ಲಾಟಾಗುತ್ತದೆ. ಕಣ್ಣಿಗೆ ಕಾಣದ ಹಳ್ಳ ಗ್ರಾಮ ನಕಾಶೆಯಲ್ಲಿ ಕಾಣುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದೂ ಗೊತ್ತಾಗುತ್ತದೆ. ಅದಕ್ಕೂ ಮಿಗಿಲಾದ ದಾಖಲೆ ಪಕ್ಕದ ಹೊಲದ ಮುದುಕ. 2019ರಲ್ಲಿ ಇಲ್ಲಿ ಎಷ್ಟು ನೀರಿತ್ತು ಎಂದು ಅವನನ್ನು ಕೇಳಿ. ಮೊಣಕಾಲೋ ಸೊಂಟವೋ, ಕೈಯಿಟ್ಟು ತೋರಿಸುತ್ತಾನೆ.

“ಎರಿ ಭೂಮಿ, ಬಂಗಾರದಂಥಾ ಮಣ್ಣ”

ಬೆಳೆಗೆ ಬಂಗಾರ, ಬುನಾದಿಗೆ ಶತ್ರು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ತೆಳುವಾಗಿ ಬುನಾದಿ ಹಾಕಿದ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಗಟ್ಟಿ ಮುರುಮ ಸಿಗುವ ತನಕ ಅಗೆದು, ಕರಿ ಮಣ್ಣು ತೆಗೆದು ಬೇರೆ ತುಂಬಿ, ಪ್ಲಿಂತ್ ಬೀಮ್ ಕೊಟ್ಟು ಕಟ್ಟಬೇಕು. ಆ ಖರ್ಚು ಪ್ಲಾಟಿನ ದರದಲ್ಲಿ ಬರೆದಿರುವುದಿಲ್ಲ. ಇನ್ನು ಕಾಲುವೆ ನೀರಾವರಿಯ ಕಬ್ಬಿನ ಹೊಲಗಳ ನಡುವೆ ಎದ್ದ ಬಡಾವಣೆಯಾದರೆ ನೆಲದಡಿಯ ನೀರು ಮೇಲೇ ಇರುತ್ತದೆ. ಪಾಯಖಾನೆ ಗುಂಡಿಯ ನೀರು ಇಂಗುವುದಿಲ್ಲ, ಗುಂಡಿ ಬೇಗ ಬೇಗ ತುಂಬುತ್ತದೆ. ಮಳೆಗಾಲದಲ್ಲಿ ಆ ಬಡಾವಣೆಯ ಗಾಳಿಯೇ ಇದನ್ನು ಹೇಳುತ್ತದೆ.

“ಬೋರ್ ಐತಿ, ಕರೆಂಟ್ ಐತಿ”

ಬೋರು ಯಾರದು? ಬಡಾವಣೆ ಮಾಡಿದವರು ರಸ್ತೆ, ಉದ್ಯಾನ, ನೀರಿನ ವ್ಯವಸ್ಥೆಯನ್ನು ಪಂಚಾಯ್ತಿಗೋ ಪುರಸಭೆಗೋ ಹಸ್ತಾಂತರ ಮಾಡಿದ್ದಾರೆಯೇ? ಮಾಡದಿದ್ದರೆ ಮೋಟಾರು ಸುಟ್ಟ ದಿನ ನೀವು ಯಾರ ಬಾಗಿಲು ಬಡಿಯುತ್ತೀರಿ? ನೀರನ್ನು ಪರೀಕ್ಷೆಗೆ ಕಳಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಗೊಬ್ಬರ ಉಂಡ ಕಬ್ಬಿನ ನೆಲದಲ್ಲಿ ನೈಟ್ರೇಟನ್ನು ನೋಡದೆ ಬಿಡಬಾರದು. ಕರೆಂಟಿನ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು: ಇದು ಊರಿನ ಲೈನೋ, ಪಂಪ್‌ಸೆಟ್ಟಿನ ಲೈನೋ? ಪಂಪ್‌ಸೆಟ್ಟಿನದಾದರೆ ತ್ರೀ ಫೇಸ್ ಬರುವ ತಾಸುಗಳನ್ನು ಎಣಿಸಿ ಬದುಕಬೇಕಾಗುತ್ತದೆ.

“ಗೋಕಾಕ ಜಿಲ್ಲಾ ಆತಂದ್ರ ರೇಟ್ ಡಬಲ್”

1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಗೋಕಾಕ ಜಿಲ್ಲೆಯನ್ನು ಘೋಷಿಸಿ, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಬೇಡಿಕೆ ಇಂದಿಗೂ ಜೀವಂತವಾಗಿದೆ. ಮೂಡಲಗಿ ಹೋರಾಟ ಮಾಡಿ ತಾಲ್ಲೂಕಾಯಿತು. ಕೌಜಲಗಿಯೂ ತಾಲ್ಲೂಕಾಗಬೇಕೆಂಬ ಕೂಗು ಹಳೆಯದು. ಆಗಲಿ, ಸಂತೋಷ. ಆದರೆ ಜಿಲ್ಲೆಯಾಗುವುದು ವಿಧಾನಸೌಧದ ಮಾತು. ನಿಮ್ಮ ಓಣಿಗೆ ಗಟಾರ ಬರುವುದು ಬೇರೆ ಮಾತು. ದರ ಏರುತ್ತದೆಂದು ಕೊಳ್ಳುವವರೇ ತುಂಬಿದ ಬಡಾವಣೆಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಜಾಲಿಗಿಡ ಬೆಳೆದ ಖಾಲಿ ಪ್ಲಾಟುಗಳ ನಡುವೆ ನಿಮ್ಮದೊಂದೇ ಮನೆ ಉಳಿಯುತ್ತದೆ. ರಾತ್ರಿ ಅಲ್ಲಿ ಹೆಂಗಸರು ಮಕ್ಕಳು ಹೇಗಿರಬೇಕು?

“ಸಾಲಿ, ದವಾಖಾನಿ ಎಲ್ಲಾ ಐದ ಮಿನಿಟ್”

ಕಬ್ಬು ನುರಿಸುವ ಹಂಗಾಮಿನಲ್ಲಿ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಒಮ್ಮೆ ಹೋಗಿ ನೋಡಿ, ಬೆಳಿಗ್ಗೆ ಸಾಲಿಯ ಹೊತ್ತಿಗೆ. ಘಟಪ್ರಭಾದಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆ ಇದೆ, ಕರ್ನಾಟಕ ಆರೋಗ್ಯ ಧಾಮ ಇದೆ, ರೈಲು ನಿಲ್ದಾಣ ಇದೆ. ಆ ಊರಿನ ಬಲ ಅದು. ಆದರೆ ಬಡಾವಣೆಯಿಂದ ಅಲ್ಲಿಗೆ ರಾತ್ರಿ ಎರಡಕ್ಕೆ ಆಟೋ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

“ದೊಡ್ಡ ಕಮಾನ, ಡಾಂಬರ್ ರಸ್ತಾ, ಚಲೋ ಬಡಾವಣಿ”

ಕಮಾನು, ರಸ್ತೆ ಇದ್ದ ಮಾತ್ರಕ್ಕೆ ಊರಾಗುವುದಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಊರಿಗೆ ಊರೇ ಹೊಸದಾಗಿ ಕಟ್ಟಿದರು. ಸಾಲು ಮನೆ, ನೇರ ರಸ್ತೆ. ಹಲವು ಕಡೆ ಜನ ಹೋಗಲೇ ಇಲ್ಲ, ಹೋದವರೂ ತಿರುಗಿ ಬಂದರು. ಹೊಲ ದೂರ, ದನಕ್ಕೆ ಜಾಗವಿಲ್ಲ, ಕೆಲಸ ಇರುವುದು ಹಳೆಯ ಊರಲ್ಲೇ. ಇನ್ನೊಂದು ಕಡೆ ಗೋಕಾಕ ಫಾಲ್ಸ್ ನೋಡಿ. 1880ರ ದಶಕದಲ್ಲಿ ನೂಲಿನ ಗಿರಣಿ ಬಂತು, ಕಲ್ಲು ಗುಡ್ಡದ ಮೇಲೆ ವಸತಿ ಬೆಳೆಯಿತು, ತಲೆಮಾರುಗಳು ಅಲ್ಲಿ ಬಾಳಿದವು. ಕೆಲಸ ಬಾಗಿಲಲ್ಲಿತ್ತು. ದಿನವೂ ಕೌಜಲಗಿಯ ಹೊಲಕ್ಕೆ ಬಂದು ಹೋಗಬೇಕಾದವನಿಗೆ ಗೋಕಾಕದ ಪ್ಲಾಟು ಮನೆಯಾಗದು. ಪೆಟ್ರೋಲಿನ ಲೆಕ್ಕ ಬಿಡಿ, ಎಮ್ಮೆ ಹಿಂಡುವವರು ಯಾರು?

ಹಾಗಾದರೆ ಕೊಳ್ಳಲೇಬಾರದೇ? ಕೊಳ್ಳಿ. ಮೊದಲು ಆಗಸ್ಟ್ ತಿಂಗಳ ಮಳೆಯಲ್ಲೊಮ್ಮೆ, ಮೇ ತಿಂಗಳ ಬಿಸಿಲಿನಲ್ಲೊಮ್ಮೆ ಹೋಗಿ. ದಲ್ಲಾಳಿಯನ್ನು ಬಿಟ್ಟು, ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು. ಅಲ್ಲಿ ಈಗಾಗಲೇ ಮನೆ ಮಾಡಿರುವವರ ಬಾಗಿಲಲ್ಲಿ ನಿಂತು ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿ. ಹಿಂದಿನ ಮೂವತ್ತು ವರ್ಷದ ಋಣಭಾರ ಪತ್ರ (ಇಸಿ) ತೆಗೆಸಿ ವಕೀಲರಿಗೆ ತೋರಿಸಿ. ಇಷ್ಟಾಗುವ ತನಕ ಸಂಚಕಾರದ ಹಣ ಕಿಸೆಯಲ್ಲೇ ಇರಲಿ.